ಬರಹ ಮೊದಲು, ಚಿಟ್ಟೆ ಆಮೇಲೆ

“ಕೂತ್ಕೊಳ್ಳಿ ಸಾರ್,” ಎಂದಳು ಚಿಮಟಿ. “ಮೋಡ ಸರಿಯೋ ತನಕ ಚಿಟ್ಟೆ ಒಂದೂ ಮೇಲೇಳಲ್ಲ.”

“ಕೂತ್ರೆ ನಾನೂ ಮೇಲೇಳಲ್ಲ,” ಎಂದರು ಇನ್‌ಸ್ಪೆಕ್ಟರ್. “ನನ್ನ ಮಂಡಿ ಎರಡೂ ಆ ಕೆಳಗಿನ ತಿರುವಲ್ಲೇ ರಾಜೀನಾಮೆ ಕೊಟ್ಟಿವೆ.”

ಆದರೂ ಕೂತರು. ಅವರ ಬೂಟಿನಡಿಯ ಪುಡಿಗಲ್ಲು ಸರ್ರನೆ ಜಾರಿತು. ನಾಲ್ಕಾರು ಕಲ್ಲು ಉರುಳುತ್ತ ಇಳಿಜಾರಿನ ಅಂಚು ದಾಟಿದವು. ಎಷ್ಟೋ ಹೊತ್ತಾದ ಮೇಲೆ ಕೆಳಗಿನ ಕೊರಕಲಿನ ನೀರಿನಲ್ಲಿ ಒಂದು ಸಣ್ಣ ಸದ್ದು.

ಇಬ್ಬರಿಗೂ ಅದು ಕೇಳಿಸಿತು. ನಾಲ್ಕು ದಿನದ ಹಿಂದೆ ಚಿಟ್ಟೆ ಮೇಷ್ಟ್ರ ಹೆಣ ಸಿಕ್ಕಿದ್ದು ಅದೇ ಕೊರಕಲಿನಲ್ಲಿ. ಅವರನ್ನು ತಳ್ಳಿದನೆಂದು ಠಾಣೆಯಲ್ಲಿ ಕೂಡಿಹಾಕಿದ್ದು ಚಿಮಟಿಯ ಅಣ್ಣನನ್ನು.

ಮೂರು ಗಂಟೆಗೆ ಜೀಪು ಹೊರಡುತ್ತದೆ. ಅಣ್ಣನನ್ನು ಅದರಲ್ಲಿ ದೊಡ್ಡ ಕೋರ್ಟಿಗೆ ಕರೆದೊಯ್ಯುತ್ತಾರೆ. ಈಗ ಹನ್ನೊಂದೂಕಾಲು. ಇಳಿಯುವುದಕ್ಕೇ ಎರಡು ಗಂಟೆ ಬೇಕು. ಚಿಮಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಎಷ್ಟು ಸಲ ಹಾಕಿದರೂ ಕೈಯಲ್ಲಿ ಉಳಿಯುವುದು ಒಂದೂಮುಕ್ಕಾಲು ಗಂಟೆಯೇ.

ಮೇಷ್ಟ್ರ ಸಂಗ್ರಹಾಲಯದಲ್ಲಿ ಒಣಗಿದ ಚಿಟ್ಟೆಗಳ ರೆಕ್ಕೆ ಬಿಡಿಸಿ ಹಲಗೆಗೆ ಕೂರಿಸುವುದು ಅವಳ ಕೆಲಸ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಆ ಮೇಜಿನ ಮುಂದೆ ಕೂತವಳು, ಕೈಯಲ್ಲಿ ಯಾವಾಗಲೂ ಚಿಮಟ. ಹೆಸರು ಹೋಗಿ ಚಿಮಟಿ ಎಂದೇ ಆಯಿತು. ಮಾತು ಕಡಿಮೆ. ಎದುರಿಗಿದ್ದವರ ಮುಖ ನೋಡಿ ಮಾತಾಡುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಆದರೆ ಅಂಗಿಯಲ್ಲಿ ಯಾವ ಗುಂಡಿ ಬದಲಾಗಿದೆ, ಯಾರು ನಿನ್ನೆಯ ಸಾಕ್ಸನ್ನೇ ಹಾಕಿದ್ದಾರೆ ಎಂದು ಕೇಳಿದರೆ ಥಟ್ಟನೆ ಹೇಳುವವಳು. ಮೇಷ್ಟ್ರು ಇದನ್ನು ಹೇಳಿಕೊಂಡು ಬಂದವರೆದುರೆಲ್ಲ ನಗುತ್ತಿದ್ದರು.

“ಇನ್ನೊಂದ್ಸಲ ಹೇಳು,” ಎಂದರು ಇನ್‌ಸ್ಪೆಕ್ಟರ್, ಮಂಡಿ ತಿಕ್ಕಿಕೊಳ್ಳುತ್ತ. “ಮೇಲಿನವರಿಗೆ ಬರೆದು ಕೊಡೋದು ನಾನು. ನನಗೆ ಅರ್ಥವಾಗೋ ಹಾಗೆ ಹೇಳು.”

ಚಿಮಟಿ ಕೊರಕಲಿನ ಆಚೆ ದಡ ತೋರಿಸಿದಳು. ಅಲ್ಲಿ ಕರಿಯ ಬಂಡೆ, ಅದರ ತುದಿಯಲ್ಲಿ ಮುರಿದ ಕಂಬಿಬೇಲಿ.

“ಅದು ದಕ್ಷಿಣದ ಬಂಡೆ. ನಾವು ಕೂತಿರೋದು ಉತ್ತರದ ಇಳಿಜಾರು. ಅವತ್ತು ಬೆಳಿಗ್ಗೆ ಕವಲುದಾರಿಯಲ್ಲಿ ಮೇಷ್ಟ್ರು ಈ ಕಡೆ ಬಂದ್ರು, ಅಣ್ಣ ಬೇಲಿ ರಿಪೇರಿಗೆ ಆ ಕಡೆ ಹೋದ. ಆಮೇಲೆ ಅವರ ಮುಖಾನೇ ನೋಡಿಲ್ಲ ಅಂತಾನೆ.”

“ಅಂತಾನೆ. ಆದ್ರೆ ಮೇಷ್ಟ್ರ ಚೀಲ ಸಿಕ್ಕಿದ್ದು ಆ ಬಂಡೆ ಮೇಲೆ. ಚೀಲದಲ್ಲಿ ಡಬ್ಬಿ. ಡಬ್ಬಿಯಲ್ಲಿ ಚಿಟ್ಟೆ ಹಾಕಿದ ಪೊಟ್ಟಣ. ಪೊಟ್ಟಣದ ಮೇಲೆ ‘ದ. ಬಂ. 11.20’. ಅಂದ್ರೆ ಹನ್ನೊಂದೂ ಇಪ್ಪತ್ತಕ್ಕೆ ಮೇಷ್ಟ್ರು ದಕ್ಷಿಣದ ಬಂಡೆ ಮೇಲಿದ್ರು, ನಿಮ್ಮಣ್ಣನ ಮಗ್ಗುಲಲ್ಲಿ. ಮುನ್ನಾದಿನ ಇಬ್ಬರಿಗೂ ಅಂಗಳದಲ್ಲೇ ಜಗಳ ಆಗಿದೆ. ರೋಪ್‌ವೇ ಬಂದ್ರೆ ನಿಮ್ಮಣ್ಣನಿಗೆ ಕೆಲಸ, ಬರಬಾರದು ಅಂತ ಮೇಷ್ಟ್ರ ಹಟ. ಇನ್ನೇನು ಬೇಕಮ್ಮ?”

“ಆ ಚಿಟ್ಟೆ ದಕ್ಷಿಣದ ಬಂಡೇದಲ್ಲ ಸಾರ್.”

“ನಿನ್ನೆಯಿಂದ ಅದನ್ನೇ ಹೇಳ್ತಿದ್ದೀಯ. ಪೊಲೀಸ್ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ ಆಯ್ತು, ಯಾವ ಸಾಕ್ಷೀನೂ ಇಷ್ಟು ಕಾಯಿಸಿಲ್ಲ. ಕಳ್ಳರೂ ಕಾಯಿಸಿಲ್ಲ.”

ಅವರು ಗಡಿಯಾರ ನೋಡಿಕೊಂಡರು. ಅವರು ನೋಡಿದಾಗಲೆಲ್ಲ ಅವಳು ಮತ್ತೆ ಬೆರಳು ಮಡಿಸುತ್ತಿದ್ದಳು.

ಗಾಳಿ ಒಂದೇ ಸಮನೆ ದಿಕ್ಕು ಬದಲಿಸುತ್ತಿತ್ತು. ಕಲ್ಲುಗಳ ಸಂದಿನಲ್ಲಿ ದಪ್ಪ ಎಲೆಯ ಸಣ್ಣ ಗಿಡಗಳು, ನೆಲಕ್ಕೆ ಅಂಟಿಕೊಂಡಂತೆ. ಈ ಚಿಟ್ಟೆಯ ಹುಳು ತಿನ್ನುವುದು ಆ ಎಲೆಯೊಂದನ್ನೇ. ಆ ಗಿಡ ಬದುಕುವುದು ಸದಾ ಜಾರುವ ಪುಡಿಗಲ್ಲಿನಲ್ಲೇ. ಅವಳಿಗೆ ಇದೆಲ್ಲ ಪುಸ್ತಕದಿಂದ ಗೊತ್ತಾದದ್ದಲ್ಲ. ಎಂಟು ಬೇಸಿಗೆ ಮೇಷ್ಟ್ರ ಹಿಂದೆ ಬಲೆ ಹೊತ್ತು, ಇದೇ ಕಲ್ಲುಗಳ ಮೇಲೆ ಹೊಟ್ಟೆಯ ಮೇಲೆ ಮಲಗಿ ನೋಡಿದ್ದು.

ಮೋಡದ ಅಂಚು ಬೆಳ್ಳಗಾಯಿತು. ಬಿಸಿಲು ಇಳಿಜಾರಿನ ಮೇಲ್ತುದಿಯಿಂದ ಕೆಳಗಿಳಿಯತೊಡಗಿತು.

“ಈಗ ಅಲ್ಲಾಡ್ಬೇಡಿ,” ಎಂದಳು ಚಿಮಟಿ. “ನಿಮ್ಮ ನೆರಳು ಬಿದ್ರೂ ಹೋಗ್ಬಿಡತ್ತೆ.”

ಮೊದಲು ಏನೂ ಇರಲಿಲ್ಲ. ಆಮೇಲೆ ಎರಡು ಮಾರು ದೂರದ ಒಂದು ಕಲ್ಲು ಬಾಯಿಬಿಟ್ಟಂತೆ ಆಯಿತು. ಬಿಳಿಯ ರೆಕ್ಕೆ ಜೋಡಿ ಪುಸ್ತಕದಂತೆ ತೆರೆದುಕೊಂಡು ಬಿಸಿಲಿಗೆ ಬೆನ್ನು ತಿರುಗಿಸಿತು. ರೆಕ್ಕೆಯ ತುದಿ ಎಣ್ಣೆ ಹಿಡಿದ ಕಾಗದದಂತೆ ಪಾರದರ್ಶಕ. ಹಿಂದಿನ ರೆಕ್ಕೆಯಲ್ಲಿ ಕಪ್ಪು ಅಂಚಿನ ಎರಡು ಕೆಂಪು ಬೊಟ್ಟು, ನಿದ್ದೆಗೆಟ್ಟ ಕಣ್ಣುಗಳ ಹಾಗೆ.

“ಕೆಂಗಣ್ಣಿ,” ಎಂದು ಇನ್‌ಸ್ಪೆಕ್ಟರ್ ಪಿಸುಗುಟ್ಟಿದರು. ಇಷ್ಟು ಹೊತ್ತೂ ಗೊಣಗುತ್ತಿದ್ದವರ ದನಿಯೇ ಬೇರೆಯಾಗಿತ್ತು.

“ಕೆಂಗಣ್ಣೀಲಿ ಎರಡು ಜಾತಿ. ಆಚೆ ಬಂಡೆ ಮೇಲಿರೋದು ಸಾದಾ ಕೆಂಗಣ್ಣಿ. ಇದು ಬಳೆ ಕೆಂಗಣ್ಣಿ. ರೆಕ್ಕೆ ನೋಡಿದ್ರೆ ಗೊತ್ತಾಗಲ್ಲ. ತಲೆ ಮೇಲಿನ ಮೀಸೆ ನೋಡಿ.”

ಇನ್‌ಸ್ಪೆಕ್ಟರ್ ದುರ್ಬೀನು ಕಣ್ಣಿಗಿಟ್ಟರು, ತಿರುಗಿಸಿದರು, ಬೈದುಕೊಂಡರು. ಕೊನೆಗೆ ಚಿಟ್ಟೆ ಸಿಕ್ಕಿತು.

“ಪಟ್ಟೆ ಪಟ್ಟೆ ಇದೆ.”

“ಕಪ್ಪು ಬಿಳಿ, ಕಪ್ಪು ಬಿಳಿ. ಮೀಸೆಗೆ ಬಳೆ ತೊಡಿಸಿದ ಹಾಗೆ. ಸಾದಾದ್ದಕ್ಕೆ ಬರೀ ಕಪ್ಪು.”

ಒಂದಾದ ಮೇಲೊಂದು ಎದ್ದವು. ಏಳುವ ಮುನ್ನ ರೆಕ್ಕೆಗಳನ್ನು ಚಳಿ ಹಿಡಿದವರಂತೆ ಗಡಗಡ ನಡುಗಿಸುವುದು, ನಾಲ್ಕು ಸಲ ಸೋಮಾರಿಯಾಗಿ ಬಡಿಯುವುದು, ಆಮೇಲೆ ಬಡಿಯದೆ ಇಳಿಜಾರಿನ ಉದ್ದಕ್ಕೂ ತೇಲುವುದು. ಚಿಮಟಿ ಎಣಿಸಿದಳು. ಹದಿನೇಳು. ಅವುಗಳಲ್ಲಿ ಒಂದೂ ಅಂಚು ದಾಟಿ ಕೊರಕಲಿನ ಮೇಲೆ ಹೋಗಲಿಲ್ಲ. ಅಂಚಿಗೆ ಬಂದದ್ದು ಗೋಡೆಗೆ ತಾಗಿದಂತೆ ಹಿಂದಿರುಗುತ್ತಿತ್ತು.

“ಆಮೇಲೆ ಇನ್ನೊಂದು ವಿಷಯ,” ಎಂದು ಅವಳು ಕಲ್ಲನ್ನೇ ನೋಡುತ್ತ ಹೇಳಿದಳು. “ಕೂಡಿದ ಮೇಲೆ ಗಂಡು, ಹೆಣ್ಣಿನ ಹೊಟ್ಟೆ ಕೆಳಗೆ ಅಂಟಿನಂಥದ್ದು ಮೆತ್ತಿ ಹೋಗತ್ತೆ. ಒಣಗಿ ಗಟ್ಟಿ ಚೀಲ ಆಗತ್ತೆ. ಮತ್ತೊಂದು ಗಂಡು ಹತ್ತಿರ ಬರದ ಹಾಗೆ. ಬೀಗ ಹಾಕಿದ ಹಾಗೆ.”

“ಬೀಗ ಹಾಕಿ ಹೋಗತ್ತಾ? ಗಂಡಸರ ಬುದ್ಧಿ ಎಲ್ಲಾ ಕಡೆ ಒಂದೇ ಅನ್ನು.”

ಅವಳ ಕಿವಿ ಬಿಸಿಯಾಯಿತು. “ಆ ಚೀಲ ಹೊತ್ತ ಹೆಣ್ಣು ಭಾರ. ಮೊಟ್ಟೆ ಇಡೋ ಗಿಡ ಬಿಟ್ಟು ನಾಲ್ಕು ಮಾರು ಆಚೆ ಹೋಗಲ್ಲ.”

“ಸರಿ. ಈಗ ಡಬ್ಬಿಯಲ್ಲಿರೋದು ಯಾವ ಜಾತಿ ಅಂತ ನೋಡೇಬಿಡೋಣ. ನಿಮ್ಮ ಮೇಷ್ಟ್ರ ಅಳಿಯಂದಿರು ಸಾದಾ ಅಂತ ಸಹಿ ಹಾಕಿ ಕೊಟ್ಟಿದ್ದಾರೆ.”

ಅಳಿಯನೆಂದರೆ ಈಗ ಸಂಗ್ರಹಾಲಯದ ಮುಖ್ಯಸ್ಥ. ಉತ್ತರದ ಇಳಿಜಾರಿನಲ್ಲಿ ಬಳೆ ಕೆಂಗಣ್ಣಿ ಒಂದೂ ಇಲ್ಲವೆಂದು ರೋಪ್‌ವೇಯವರಿಗೆ ವರದಿ ಬರೆದುಕೊಟ್ಟವನೂ ಅವನೇ. ಅದು ಕಾನೂನಿನ ರಕ್ಷಣೆಯಿರುವ ಜಾತಿ, ಒಂದು ಸಿಕ್ಕರೂ ರೋಪ್‌ವೇ ಇಲ್ಲಿಗೆ ಬರುವಂತಿಲ್ಲ. ಆ ವರದಿ ಸುಳ್ಳೆಂದು ತೋರಿಸಲೆಂದೇ ಮೇಷ್ಟ್ರು ಅವತ್ತು ಬೆಟ್ಟ ಹತ್ತಿದ್ದು.

ಇನ್‌ಸ್ಪೆಕ್ಟರ್ ಜೇಬಿನಿಂದ ತಗಡಿನ ಡಬ್ಬಿ ತೆಗೆದರು. ನಿಯಮದ ಪ್ರಕಾರ ಅದು ಠಾಣೆಯ ಬೀರುವಿನಲ್ಲಿ ಇರಬೇಕಿತ್ತು. ಅದನ್ನು ಅವಳ ಕೈಗೆ ಕೊಡುವಾಗ ಅವರು ಆಕಾಶ ನೋಡುತ್ತಿದ್ದರು, ತಾವು ಕೊಟ್ಟದ್ದನ್ನು ತಾವೇ ನೋಡಬಾರದೆಂಬಂತೆ.

ನಿನ್ನೆ ಠಾಣೆಯಲ್ಲಿ ಈ ಪೊಟ್ಟಣ ಒಂದು ಗಳಿಗೆ ಬಿಚ್ಚಿತ್ತು. ಆಗ ಮೀಸೆಯಲ್ಲಿ ಪಟ್ಟೆ ಕಂಡಂತಾಗಿತ್ತು. ಕಂಡಂತೆ, ಅಷ್ಟೆ. ಇಡೀ ರಾತ್ರಿ ಅವಳು ಆ ‘ಅಂತೆ’ಯ ಮೇಲೆ ಮಗ್ಗುಲು ಬದಲಿಸಿದ್ದಳು. ಇವತ್ತು ಅದು ಬರೀ ಕಪ್ಪಾಗಿದ್ದರೆ ಅಣ್ಣ ಕೈತಪ್ಪಿದಂತೆಯೇ.

ಮೂರು ಮೂಲೆಯ ಕಾಗದದ ಪೊಟ್ಟಣವನ್ನು ಗಾಳಿಗೆ ಬೆನ್ನುಕೊಟ್ಟು ಬಿಡಿಸಿದಳು. ಮಡಚಿದ ಬಿಳಿ ರೆಕ್ಕೆ. ಚಿಮಟದಿಂದ ಮೀಸೆಯನ್ನು ಬೆಳಕಿಗೆ ತಿರುಗಿಸಿದಳು.

ಕಪ್ಪು ಬಿಳಿ. ಕಪ್ಪು ಬಿಳಿ.

ಹೊಟ್ಟೆಯ ಕೆಳಗೆ ಗಟ್ಟಿಯಾದ ಕಂದು ಚೀಲ.

ಡಬ್ಬಿಯನ್ನು ಇನ್‌ಸ್ಪೆಕ್ಟರ್ ಕಡೆ ಚಾಚಿದಳು. ಅವರು ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದರು.

“ಬಳೆಯವಳೇ,” ಎಂದರು ಕೊನೆಗೆ. “ಆದ್ರೆ ಮಗಳೇ, ಬೇಜಾರು ಮಾಡ್ಕೋಬೇಡ. ರೆಕ್ಕೆ ಇರೋ ಪ್ರಾಣಿ. ದೊಡ್ಡ ಗಾಳಿ ಬಂದು ಆಚೆಗೆ ಹೊತ್ತು ಹಾಕಿತ್ತು ಅಂತ ವಕೀಲರು ಕೇಳಿದ್ರೆ ನಾನೇನು ಹೇಳ್ಲಿ? ಚಿಟ್ಟೇನ ಕಟಕಟೆಗೆ ಕರೆಸಕ್ಕಾಗತ್ತಾ?”

ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ಸಂಕಟ. ಚಿಮಟಿ ಪೊಟ್ಟಣ ಮಡಚಲು ಹೊರಟವಳು ನಿಂತಳು. ರೆಕ್ಕೆಯ ಮೇಲೆ ಏನೋ ಇತ್ತು. ಕೂದಲೆಳೆಯಷ್ಟು ಸಣ್ಣ ಎರಡು ಗೀರು, ಒಂದರ ಪಕ್ಕ ಒಂದು, ನೆಟ್ಟಗೆ. ಅಲ್ಲಿ ರೆಕ್ಕೆಯ ಪುಡಿ ಎದ್ದುಹೋಗಿ ತಳದ ಹೊಳಪು ಕಾಣುತ್ತಿತ್ತು.

ಅವಳು ಕುತ್ತಿಗೆಯ ದಾರದಲ್ಲಿದ್ದ ಭೂತಗನ್ನಡಿ ಕಣ್ಣಿಗೊತ್ತಿದಳು. ಗೀರಿನ ಪಕ್ಕ ಒಂದು ಚುಕ್ಕೆ. ಚುಕ್ಕೆಯಾಚೆ ಬಾಗಿದ ಗೆರೆ. ಆಮೇಲೆ ಸೊನ್ನೆಯ ಅರ್ಧ.

ಪೊಟ್ಟಣವನ್ನು ಮೊದಲಿದ್ದ ಹಾಗೇ ಮುಚ್ಚಿ ಮೇಲಿನ ಬರಹ ನೋಡಿದಳು. 11.20. ಗೀರುಗಳಿರುವ ಜಾಗ, ಅಂಕಿಗಳಿರುವ ಜಾಗ ಒಂದೇ.

“ಸಾರ್,” ಎಂದಳು. ದನಿ ಅವಳದಲ್ಲವೆಂಬಂತಿತ್ತು. “ಇದನ್ನ ಬರೆದಿದ್ದು ಮೇಷ್ಟ್ರಲ್ಲ.”

“ಆರೇ ಆರು ಗುರುತು. ಅದರಲ್ಲಿ ಏನು ಕೈಬರಹ ನೋಡ್ಲಿ ಅಂತ ತಜ್ಞರೇ ಕೈ ಚೆಲ್ಲಿದ್ದಾರೆ.”

“ಕೈಬರಹ ಅಲ್ಲ. ಇಲ್ನೋಡಿ. ಪೆನ್ಸಿಲ್ ಒತ್ತಿದ್ದು ರೆಕ್ಕೆ ಮೇಲೆ ಮೂಡಿದೆ. ಚಿಟ್ಟೆ ಒಳಗಿದ್ದಾಗ ಮೇಲೆ ಬರೆದಿದ್ದಾರೆ. ಬೆಟ್ಟದಲ್ಲಿ ತಿರುಗೋರು ಯಾರೂ ಹಾಗೆ ಮಾಡಲ್ಲ. ಖಾಲಿ ಪೊಟ್ಟಣದ ಮೇಲೆ ಮೊದಲು ಬರೀಬೇಕು, ಆಮೇಲೆ ಚಿಟ್ಟೆ ಹಾಕ್ಬೇಕು. ಇಲ್ಲಾಂದ್ರೆ ರೆಕ್ಕೆ ಹಾಳು. ನಾನು ಒಂದೇ ಒಂದು ಸಲ ತಪ್ಪು ಮಾಡಿದ್ದಕ್ಕೆ ಮೇಷ್ಟ್ರು ಬಲೆ ಕೋಲಿನಲ್ಲಿ ಗೆಣ್ಣಿಗೆ ಹೊಡೆದಿದ್ರು.”

ಇನ್‌ಸ್ಪೆಕ್ಟರ್ ಈ ಸಲ ಮಂಡಿ ಮರೆತು ಮುಂದೆ ಬಗ್ಗಿದರು. “ಆ ತಪ್ಪು ಯಾರು ಮಾಡ್ತಾರೆ?”

“ಮನೆಯೊಳಗೇ ಕೆಲಸ ಮಾಡೋರು. ಸಂಗ್ರಹಾಲಯದಲ್ಲಿ ಚಿಟ್ಟೆ ಒಣಗಿಸಿ, ಸೂಜಿ ಚುಚ್ಚಿ, ಎಲ್ಲಾ ಆದ ಮೇಲೆ ಕೊನೇಲಿ ಚೀಟಿ ಬರೀತೀವಿ. ಅದೇ ಕೈಗೆ ರೂಢಿ ಆಗಿರತ್ತೆ.”

“ಅಲ್ಲಿ ಕೆಲಸ ಮಾಡೋರು ಎಷ್ಟು ಜನ?”

“ಮೇಷ್ಟ್ರು ಹೋದ ಮೇಲೆ ಇಬ್ಬರು. ನಾನು, ಭಾವ.”

ಮೇಷ್ಟ್ರ ಮಗಳನ್ನು ಅವಳು ಚಿಕ್ಕಂದಿನಿಂದ ಅಕ್ಕ ಎನ್ನುತ್ತ ಬಂದಿದ್ದಳು. ಹಾಗಾಗಿ ಅಳಿಯ ಅವಳಿಗೆ ಭಾವ.

“ನೀನು, ನಿಮ್ಮ ಭಾವ,” ಎಂದು ಇನ್‌ಸ್ಪೆಕ್ಟರ್ ಗಲ್ಲ ಕೆರೆದುಕೊಂಡರು. “ಪಟ್ಟಿ ಚಿಕ್ಕದಿದೆ. ನಿನ್ನನ್ನ ಬಿಟ್ಟುಬಿಡೋಣ ಅಂದ್ರೆ ನೀನು ಆರೋಪಿ ತಂಗಿ.”

ಕೆಳಗೆ ಕಲ್ಲು ಸರಿಯಿತು. ಚಿಮಟಿ ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡಳು.

ತಿರುವಿನಲ್ಲಿ ಮೊದಲು ಬಿಳಿ ಟೋಪಿ ಕಂಡಿತು, ಆಮೇಲೆ ಊರುಗೋಲಿನಂತೆ ಹಿಡಿದ ಕೊಡೆ, ಆಮೇಲೆ ಅಳಿಯ. ಬೂಟು ಹೊಸದು. ಲೇಸಿನ ಗಂಟು ಅಂಗಡಿಯವನು ಕಟ್ಟಿದಂತೆಯೇ ಇತ್ತು.

“ಠಾಣೇಲಿ ಕೇಳಿದೆ, ನೀವು ಮೇಲೆ ಹೋದ್ರಿ ಅಂದ್ರು,” ಎಂದ ಅವನು ಏದುಸಿರು ಬಿಡುತ್ತ. “ಈ ವಯಸ್ಸಲ್ಲಿ ನಿಮ್ಮನ್ನ ಈ ಹುಡುಗಿ ಕೈಗೆ ಒಪ್ಪಿಸೋದಾ ಅಂತ ಬಂದೆ. ಏನು ಚಿಮಟಿ, ಸಾಹೇಬರಿಗೆ ಪಾಠ ಮುಗೀತಾ?”

“ಅರ್ಧ ಆಗಿದೆ,” ಎಂದರು ಇನ್‌ಸ್ಪೆಕ್ಟರ್. “ನನಗೆ ತಲೆಗೆ ಹತ್ತೋದು ನಿಧಾನ.”

ಬಿಳಿ ರೆಕ್ಕೆಗಳು ಅವನ ಸುತ್ತಮುತ್ತಲೇ ತೇಲುತ್ತಿದ್ದವು. ಅಳಿಯ ಅವುಗಳ ಕಡೆ ಕಣ್ಣೆತ್ತಲಿಲ್ಲ. ನೋಡದೇ ಇರುವುದಕ್ಕೆ ಅವನು ಪಡುತ್ತಿದ್ದ ಕಷ್ಟ ಚಿಮಟಿಗೆ ಕಾಣುತ್ತಿತ್ತು.

ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ ಎನಿಸಿತು. ಬಲೆ ತೆಗೆದುಕೊಂಡು ಎದ್ದಳು. ಹುಲ್ಲಂಚಿನಲ್ಲಿ ಕೂತಿದ್ದ ಒಂದು ಮಾಮೂಲಿ ಬಿಳಿ ಚಿಟ್ಟೆಯ ಮೇಲೆ ಬಲೆ ಇಳಿಸಿ, ರೆಕ್ಕೆ ಮಡಚಿ ಎರಡು ಬೆರಳಲ್ಲಿ ಹಿಡಿದು ತಂದಳು. ಜೀವ ಇತ್ತು. ಕಾಲು ಆಡಿಸುತ್ತಿತ್ತು.

“ಭಾವ, ಸಾಹೇಬರಿಗೆ ಹೋಲಿಸಿ ನೋಡೋದಕ್ಕೆ ಒಂದು ಪೊಟ್ಟಣ ಬೇಕಂತೆ. ಗಾಳಿಗೆ ನನ್ನ ಕೈ ನಿಲ್ತಿಲ್ಲ. ನೀವೇ ಹಾಕಿ, ಜಾಗ, ಹೊತ್ತು ಬರೆದುಕೊಡ್ತೀರಾ?”

“ಹತ್ತು ವರ್ಷದಿಂದ ಸೂಜಿ ಹಿಡಿದ ಕೈ ನಿಲ್ತಿಲ್ವಾ?” ಅವನು ನಕ್ಕ. “ಕೊಡು ಇಲ್ಲಿ. ಇದೂ ನಾನೇ ಮಾಡ್ಬೇಕು.”

ಅವಳು ಖಾಲಿ ಪೊಟ್ಟಣವನ್ನೂ ಪೆನ್ಸಿಲನ್ನೂ ಕೊಟ್ಟಳು. ಚಿಟ್ಟೆಯನ್ನು ಬೇಕೆಂದೇ ಕೊಡದೆ ಹಿಡಿದು ನಿಂತಳು. ಬರೆಯಲು ಬೇಕಾದಷ್ಟು ಹೊತ್ತು ಬಿಟ್ಟಳು. ಇನ್‌ಸ್ಪೆಕ್ಟರ್ ದುರ್ಬೀನಿನ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

ಅಳಿಯ ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ. ಕೈ ಚಾಚಿದ. “ತಾ ಮೊದಲು ಅದನ್ನ.”

ಚಿಟ್ಟೆ ಒಳಗೆ ಹೋಯಿತು. ಅಂಚು ಮಡಚಿದ. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲ್ ತೆಗೆದು, ಗಾಳಿಗೆ ಹಾರದಂತೆ ಒತ್ತಿ ಹಿಡಿದು ಬರೆದ. ಉ. ಇ. 12.10.

ಇನ್‌ಸ್ಪೆಕ್ಟರ್ ಗಾಜು ಒರೆಸುವುದನ್ನು ನಿಲ್ಲಿಸಿದರು. ಪೊಟ್ಟಣವನ್ನು ಅವನ ತೊಡೆಯಿಂದ ಎತ್ತಿಕೊಂಡು ಚಿಮಟಿಗೆ ಕೊಟ್ಟರು. ಅವಳು ಬಿಡಿಸಿದಳು. ರೆಕ್ಕೆಯ ಮೇಲೆ ನೆಟ್ಟಗೆ ಒಂದು ಗೀರು, ಪಕ್ಕದಲ್ಲಿ ಬಾಗಿದ್ದೊಂದು. ಚಿಟ್ಟೆ ಒಂದು ಗಳಿಗೆ ಅವಳ ಹೆಬ್ಬೆರಳ ಮೇಲೆ ಕೂತು, ಗೀರು ಬಿದ್ದ ರೆಕ್ಕೆಯನ್ನೇ ಬಡಿದು ಹಾರಿತು.

“ಒಳಗಿಟ್ಟ ಮೇಲೆ ಬರೆದ್ರಿ,” ಎಂದರು ಇನ್‌ಸ್ಪೆಕ್ಟರ್.

“ಹೌದು. ಅದಕ್ಕೇನು?”

ಚಿಮಟಿ ಸೆರಗಿನಡಿಯಿಂದ ಡಬ್ಬಿ ತೆಗೆದು ತೆರೆದಳು. ಅವನ ಕಣ್ಣು ಡಬ್ಬಿಯಿಂದ ಪೆನ್ಸಿಲಿಗೆ, ಪೆನ್ಸಿಲಿನಿಂದ ಅವಳ ಮುಖಕ್ಕೆ ಬಂತು. ಮುಖದ ಬಣ್ಣ ಒಂದೇ ಸಲಕ್ಕೆ ಹೋಗಲಿಲ್ಲ. ಮೊದಲು ತುಟಿಯದು ಹೋಯಿತು.

“ಮೀಸೆಯ ಬಳೆ ನಿಮಗೆ ಕಾಣ್ಲಿಲ್ವಾ ಭಾವ?” ಎಂದಳು ಅವಳು. “ಸಾದಾ ಅಂತ ಸಹಿ ಹಾಕಿದ್ರಿ. ದಕ್ಷಿಣದ ಬಂಡೆ ಅಂತ ಬರೆದ್ರಿ. ನನ್ನ ಅಣ್ಣ ನಾಲ್ಕು ದಿನದಿಂದ ನೆಲದ ಮೇಲೆ ಮಲಗ್ತಿದ್ದಾನೆ.”

ಅವಳು ಜೀವಮಾನದಲ್ಲಿ ಅವನೆದುರು ಒಟ್ಟಿಗೆ ಇಷ್ಟು ಮಾತಾಡಿರಲಿಲ್ಲ.

ಅಳಿಯ ಕರವಸ್ತ್ರದಿಂದ ಒಂದು ಕಲ್ಲನ್ನು ಝಾಡಿಸಿ ಅದರ ಮೇಲೆ ಕೂತ. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಓಡುವನೆಂದು ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಸರಿದು ದಾರಿಗೆ ಅಡ್ಡ ನಿಂತಿದ್ದರು. ಅದು ಬೇಕಾಗಲಿಲ್ಲ.

“ಬರೆದಿದ್ದು ನಾನೇ,” ಎಂದ. “ಮಾವನವರ ಪೊಟ್ಟಣದ ಮೇಲೆ ‘ಉತ್ತರದ ಇಳಿಜಾರು, 9.50’ ಅಂತಿತ್ತು. ಅದನ್ನ ಒಲೆಗೆ ಹಾಕಿ ಹೊಸದಕ್ಕೆ ಚಿಟ್ಟೆ ವರ್ಗಾಯಿಸಿದೆ. ಹುಡುಕೋರ ಜೊತೆ ನಾನೂ ಹೋಗಿ ಚೀಲವನ್ನ ಬಂಡೆ ಮೇಲೆ ಇಟ್ಟೆ. ಈ ಇಳಿಜಾರಿನ ಕಡೆ ಯಾರೂ ತಲೆ ಹಾಕಬಾರದು, ಅಷ್ಟೇ ನನಗೆ ಬೇಕಾಗಿದ್ದು. ವರದಿ ಸುಳ್ಳು ಅಂತಾದ್ರೆ ನನ್ನ ಬದುಕು ಮುಗೀತು. ಅದಕ್ಕೆ ಏನು ಶಿಕ್ಷೆಯೋ ಕೊಡಿ.”

“ಮಾವನನ್ನ ತಳ್ಳಿದ್ದಕ್ಕೆ?” ಎಂದರು ಇನ್‌ಸ್ಪೆಕ್ಟರ್.

“ಅವತ್ತು ರಾತ್ರಿ ಹುಡುಕೋಕೆ ಹೋಗೋ ತನಕ ನಾನು ಬೆಟ್ಟದ ಬುಡಕ್ಕೂ ಬಂದಿಲ್ಲ. ಬೆಳಿಗ್ಗೆಯಿಂದ ರೋಪ್‌ವೇಯ ಮೂರು ಜನ ನಮ್ಮ ಜಗಲೀಲಿ ಕೂತಿದ್ರು. ವಿಚಾರಿಸಿ.”

“ಹಾಗಾದ್ರೆ ಮಾವನವರ ಚೀಲ ನಿಮ್ಮ ಕೈಗೆ ಹೇಗೆ ಬಂತು? ಹಾರ್ಕೊಂಡು ಬಂತಾ?”

ಅಳಿಯ ಇನ್‌ಸ್ಪೆಕ್ಟರನ್ನು ನೋಡಲಿಲ್ಲ. ಚಿಮಟಿಯನ್ನು ನೋಡಿದ. ಆ ನೋಟದಲ್ಲಿ ಹಗೆ ಇರಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದದ್ದು.

“ನಾನು ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ ಅಂದ್ರೆ, ಅದನ್ನ ಹೇಳಿದ್ರೆ ನನ್ನದೂ ಹೊರಗೆ ಬರತ್ತೆ ಅಂತ. ಈಗ ನನ್ನದು ಬಂದಾಯ್ತು. ಚೀಲ ತಂದುಕೊಟ್ಟಿದ್ದು ನಿಮ್ಮಣ್ಣ, ಚಿಮಟಿ. ಮಧ್ಯಾಹ್ನ ಒಂದು ಗಂಟೆಗೆ. ಹಿತ್ತಿಲ ಬಾಗಿಲಿಗೆ.”

“ಸುಳ್ಳು,” ಎಂದಳು ಅವಳು.

“ಬಾಗಿಲು ತೆಗೆದಿದ್ದು ನಿಮ್ಮಕ್ಕ. ಅವಳನ್ನ ಕೇಳು. ಇದು ಮೇಷ್ಟ್ರದು, ಭಾವನಿಗೆ ಕೊಡಿ ಅಂದು ಹೋದನಂತೆ. ಯಾಕೆ ಅಂತ ನನಗೂ ಗೊತ್ತಿಲ್ಲ. ಆಗಿನ್ನೂ ಮಾವನವರು ಕಾಣೆಯಾಗಿದ್ದಾರೆ ಅಂತ ಯಾರಿಗೂ ಗೊತ್ತಿರ್ಲಿಲ್ಲ.”

ಇನ್‌ಸ್ಪೆಕ್ಟರ್ ಆಗಲೇ ಫೋನು ಕೈಗೆತ್ತಿಕೊಂಡಿದ್ದರು. ಸಿಗ್ನಲ್ ಹುಡುಕುತ್ತ ನಾಲ್ಕು ಹೆಜ್ಜೆ ಮೇಲಕ್ಕೆ ಹೋದರು, ಎರಡು ಹೆಜ್ಜೆ ಪಕ್ಕಕ್ಕೆ. ಚಿಮಟಿಗೆ ಅವರ ಮಾತು ತುಂಡು ತುಂಡಾಗಿ ಕೇಳಿಸಿತು. “ಹೌದಮ್ಮ... ನಾನೇ... ಅವತ್ತು ಮಧ್ಯಾಹ್ನ... ಹಿತ್ತಿಲಿಗೆ...” ಆಮೇಲೆ ಬಹಳ ಹೊತ್ತು ಬರೀ ಹೂಂ, ಹೂಂ.

ಅಕ್ಕ ಹಾಗೆಲ್ಲ ಹೇಳುವವಳಲ್ಲ. ಅಕ್ಕ ಇಲ್ಲ ಅನ್ನುತ್ತಾಳೆ. ಚಿಮಟಿ ಹಾಗೆಂದುಕೊಂಡಳು. ಆದರೆ ಅಕ್ಕ ಸುಳ್ಳಾಡುವವಳಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಸತ್ತವರು ಸ್ವಂತ ಅಪ್ಪ. ಸುಳ್ಳು ಹೇಳಿ ಅಕ್ಕನಿಗೆ ಉಳಿಸಿಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಗಂಡನನ್ನು ಉಳಿಸಲು ಸುಳ್ಳು ಹೇಳುವ ಪೈಕಿಯೂ ಅಲ್ಲ.

ಮೋಡ ಮತ್ತೆ ಬಿಸಿಲಿಗೆ ಅಡ್ಡ ಬಂತು. ಹದಿನೇಳೂ ಒಟ್ಟಿಗೆ ಕಲ್ಲುಗಳ ನಡುವೆ ಬಿದ್ದು ಮಾಯವಾದವು, ಅಲ್ಲೇನೂ ಹಾರಿಯೇ ಇರಲಿಲ್ಲವೆಂಬಂತೆ.

ಇನ್‌ಸ್ಪೆಕ್ಟರ್ ಇಳಿದು ಬಂದರು. ಬರುವಾಗ ಗಡಿಯಾರ ನೋಡಿಕೊಳ್ಳಲಿಲ್ಲ.

“ಬಂದಿದ್ದು ನಿಜವಂತೆ,” ಎಂದರು. “ಸೊಂಟದವರೆಗೂ ಒದ್ದೆಯಾಗಿದ್ದನಂತೆ. ಪ್ಯಾಂಟಿನಿಂದ ನೀರು ತೊಟ್ಟಿಕ್ಕಿ ಮೆಟ್ಟಿಲು ನೆನೆದಿತ್ತು, ಬಟ್ಟೆ ಹಾಕಿ ಒರೆಸಿದೆ ಅಂದ್ರು.”

ಈ ಬೆಟ್ಟದಲ್ಲಿ ಸೊಂಟ ಮುಳುಗುವಷ್ಟು ನೀರಿರುವುದು ಕೊರಕಲಿನಲ್ಲಿ ಮಾತ್ರ. ಅಂದರೆ ಮೇಷ್ಟ್ರು ಎಲ್ಲಿದ್ದಾರೆಂದು ಅಣ್ಣನಿಗೆ ಮಧ್ಯಾಹ್ನವೇ ಗೊತ್ತಿತ್ತು. ಗೊತ್ತಿದ್ದೂ ಅವನು ರಾತ್ರಿಯೆಲ್ಲ ಎಲ್ಲರ ಜೊತೆ ಟಾರ್ಚು ಹಿಡಿದು ಮೇಷ್ಟ್ರೇ, ಮೇಷ್ಟ್ರೇ ಎಂದು ಕೂಗುತ್ತ ತಿರುಗಿದ್ದ.

“ಬೇರೆ ಯಾರನ್ನೂ ಕೇಳಲ್ಲ, ನಿನ್ನನ್ನೇ ಕೇಳ್ತೀನಿ,” ಎಂದರು ಇನ್‌ಸ್ಪೆಕ್ಟರ್. ಅವರ ದನಿ ಮೆತ್ತಗಿತ್ತು. “ಅವತ್ತು ಅವನು ಮನೆಗೆ ಬಂದಾಗ ನೀನು ಮನೇಲೇ ಇದ್ದೆ. ಅವನ ಬಟ್ಟೆ ಹೇಗಿತ್ತು?”

ಹಗ್ಗದ ಮೇಲೆ ಬೂದು ಪ್ಯಾಂಟು. ಅಣ್ಣ ತಾನೇ ಒಗೆದು ಹಾಕಿದ್ದ, ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ಒಗೆಯದ ಅಣ್ಣ. ಜೇಬಿನ ಒಳಗಡೆ ಹೊರಗೆಳೆದು ಒಣಹಾಕಿದ್ದ. ಅದರ ಹೊಲಿಗೆಯ ಸಾಲಿನಲ್ಲಿ ಪಾಚಿಯ ಹಸಿರು. ಅವಳು ಅದನ್ನು ನೋಡಿದ್ದಳು, ಒಳಗೆ ಹೋಗಿದ್ದಳು, ಒಲೆಯ ಮೇಲೆ ನೀರಿಟ್ಟಿದ್ದಳು.

“ನಾನು ನೋಡ್ಲಿಲ್ಲ ಸಾರ್,” ಎಂದಳು ಚಿಮಟಿ.

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದರು. ಅಳಿಯ ಟೋಪಿಯಿಂದ ಕಣ್ಣೆತ್ತಿದ. ಅವಳು ನೋಡದೇ ಬಿಡುವುದು ಯಾವುದೂ ಇಲ್ಲವೆಂದು ಆ ಇಳಿಜಾರಿನಲ್ಲಿದ್ದ ಮೂವರಿಗೂ ಗೊತ್ತಿತ್ತು.